ವಿಜಯಪುರಕ್ಕೆ ಹೋಗದ ಆ ಶನಿವಾರ

ಶರಣ ಬಂಧುಗಳೇ, ಆ ಶನಿವಾರ ಬೆಳಿಗ್ಗೆ ಬಾಗೇವಾಡಿಯ ನಮ್ಮ ಮನೆಯಲ್ಲಿ ಎಲ್ಲವೂ ದಿನದಂತೆಯೇ ನಡೆದಿತ್ತು. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟೆ, ಹಾಲು ಕಾಯಿಸಿದೆ, ಏಳೂವರೆಗೆ ಅತ್ತೆಯವರ ತೋಳಿಗೆ ಇನ್ಸುಲಿನ್ ಚುಚ್ಚಿದೆ. ಮೊದಲು ಇಂಜೆಕ್ಷನ್, ಆಮೇಲೆ ಹತ್ತು ನಿಮಿಷ ಲಿಂಗಪೂಜೆ, ಅದಾದ ಮೇಲೆ ನಾಷ್ಟಾ. ಇದು ಅವರ ನಿಯಮ. ಅಂದು ಅವರು ಮದುವೆಗೆ ಮಾತ್ರ ಉಡುವ ಹಸಿರು ಇಳಕಲ್ ಸೀರೆ ಉಟ್ಟಿದ್ದರು. ಬಾಗಿಲ ಹೊರಗೆ ನಮ್ಮದಲ್ಲದ ಒಂದು ಜೋಡು ಬೂದು ಚಪ್ಪಲಿಯಿತ್ತು. ಎರಡನ್ನೂ ನೋಡಿದೆ, ಕೇಳಲಿಲ್ಲ. ಎಂಟು ದಿನದಿಂದ ನಮ್ಮಿಬ್ಬರ ನಡುವೆ ನೆಟ್ಟಗೆ ಮಾತಿರಲಿಲ್ಲ.

ಜಗಳ ವಿಜಯಪುರದ ಪ್ರವಾಸದ್ದು. ಮಕ್ಕಳ ರಜೆಯಲ್ಲಿ ಆ ಶನಿವಾರ ಹೋಗಿ ಬರೋಣವೆಂದು ಹಾಳೆಯೊಂದರಲ್ಲಿ ದುಂಡಗೆ ಬರೆದಿದ್ದೆ: ಒಂಬತ್ತರ ಬಸ್ಸು, ಗೋಳಗುಮ್ಮಟ, ಖಾನಾವಳಿಯಲ್ಲಿ ಊಟ, ಇಬ್ರಾಹಿಂ ರೋಜಾ, ಬಾರಾ ಕಮಾನು, ಸಂಜೆ ವಾಪಸ್ಸು. ಹೋಗುವವರು ಯಜಮಾನರು, ನಾನು, ಮಕ್ಕಳಿಬ್ಬರು. ಮೊಣಕಾಲು ನೋವಿನ ಅತ್ತೆಯವರಿಗೆ ಅಡುಗೆ ಮಾಡಿಟ್ಟು ಹೋಗುವುದು. ಮಗಳು ಅದನ್ನು ಗಟ್ಟಿಯಾಗಿ ಓದಿದ್ದೇ ತಡ, ಅವರ ಮುಖ ಬಿಗಿಯಿತು.

“ಮನ್ಯಾಗ ಚೀಲಗಟ್ಲೆ ಜ್ವಾಳ ಐತಿ, ಖಾನಾವಳ್ಯಾಗ ಕುಂತು ರೊಟ್ಟಿ ತಿಂತಾರಂತ! ಬುತ್ತಿ ಕಟ್ಟಿದ್ರ ಕೈ ಸವೀತಾವೇನ?”

“ಒಂದಿನ ಒಲಿ ಮುಂದ ನಿಂದ್ರೂದು ಬ್ಯಾಡ ಅಂತ, ಅತ್ತಿ.”

“ಹೂಂ, ಕಾನ್ವೆಂಟಿನಾಕಿಗೆ ಒಲಿ ಯಾಕ ಬೇಕು? ಖುರ್ಚಿ ಹಾಕ್ಕೊಂಡು ಉಣ್ಣೂದು ಕಲಿಸ್ಯಾರ.”

ನಾನೂ ಹಟ ಹಿಡಿದೆ. ಬುತ್ತಿ ಕಟ್ಟಲಿಲ್ಲ.

ಹೊರಡಬೇಕಿದ್ದ ಆ ಬೆಳಿಗ್ಗೆ, ಇಂಜೆಕ್ಷನ್ ಆದ ಮೇಲೆ, ದೇವರ ಕೋಣೆಯಿಂದ ಅತ್ತೆಯವರ ಚೀರಾಟ ಕೇಳಿಸಿತು. ಅವರ ಕೊರಳ ಶಿವದಾರದ ಗಂಟು ಬಿಚ್ಚಿ, ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆ ಎಲ್ಲೋ ಬಿದ್ದುಹೋಗಿತ್ತು. ಲಿಂಗಪೂಜೆಯಿಲ್ಲದೆ ಅವರು ಹನಿ ನೀರೂ ಮುಟ್ಟುವವರಲ್ಲ. ಇನ್ಸುಲಿನ್ ಆಗಲೇ ಮೈ ಸೇರಿತ್ತು.

“ಮುಂಜಾನಿಂದ ಎಲ್ಲೆಲ್ಲಿ ಹೋಗಿದ್ರಿ, ಅತ್ತಿ?”

“ಬಚ್ಚಲಕ್ಕ, ದೇವರ ಕ್ವಾಣಿಗೆ. ಮತ್ತೆಲ್ಲಿ ಹೋಗ್ಲಿ, ನಿನ್ನಂಗ ಗುಮ್ಮಟಕ್ಕ? ನಿನ್ನ ತಿರುಗಾಟದ ಹುಚ್ಚ ನನ್ನ ಲಿಂಗಾ ನುಂಗಿತು!”

ಬಚ್ಚಲ ಮೋರಿಗೆ ಕೈ ಹಾಕಿದೆ. ಹಾಸಿಗೆ ಜಾಡಿಸಿದೆ. ಕಸದ ಬುಟ್ಟಿ ಸುರುವಿ ಹುಡುಕಿದೆ. ಬೇರೆ ಲಿಂಗ ಕಟ್ಟಿಸಲು ಮಠದ ಅಯ್ಯನವರನ್ನು ಕರೆತರಲೆಂದು ಯಜಮಾನರು ಬೈಕಿನಲ್ಲಿ ಓಡಿದರು. ಅಯ್ಯನವರು ತಾಳಿಕೋಟೆಗೆ ಹೋಗಿದ್ದಾರೆ, ಬರುವುದು ರಾತ್ರಿಯೇ ಎಂದು ಅಲ್ಲಿಂದ ಫೋನು ಬಂತು.

ಎಂಟೂವರೆಯ ಹೊತ್ತಿಗೆ ಅತ್ತೆಯವರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುತ್ತಿತ್ತು. ಬೆರಳುಗಳು ನಡುಗುತ್ತಿದ್ದವು. ಡಾಕ್ಟರು ಫೋನಿನಲ್ಲಿ, “ಮೊದಲು ಸಕ್ಕರೆ ಬಾಯಿಗೆ ಹಾಕಿ, ಆಮೇಲೆ ಕರೆತನ್ನಿ” ಎಂದರು. ಚಮಚ ಹತ್ತಿರ ಒಯ್ದೆ. ಕೈ ಬೀಸಿ ಹೊಡೆದರು. ಸಕ್ಕರೆ ನೆಲದ ಪಾಲಾಯಿತು.

“ಲಿಂಗಿಲ್ಲದ ಬಾಯಾಗ ಸಕ್ರಿ ಹಾಕ್ತಿ? ನಾ ಸತ್ರ ಸಾಯ್ತೇನಿ. ಲಿಂಗ ಸಿಗೂತನಕ ಹೊಸ್ತಿಲಾ ದಾಟಾಂಗಿಲ್ಲ.”

ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಆ ಗಳಿಗೆಯಲ್ಲೂ ನನಗೆ, ‘ಇವತ್ತೂ ನನ್ನ ದಿನ ಹಾಳು ಮಾಡಿದರಲ್ಲ’ ಅನ್ನಿಸಿತು. ಮರುಕ್ಷಣ ಅವರ ಕಣ್ಣು ಮೇಲಾಗುವುದು ಕಂಡಿತು. ಅಡುಗೆಮನೆಗೆ ಓಡಿ, ಕಾನ್ವೆಂಟ್ ಶಾಲೆಯ ರೂಢಿಯಂತೆ ನನಗರಿವಿಲ್ಲದೇ ಮೊಣಕಾಲೂರಿದೆ. “ಅಪ್ಪಾ ಬಸವಣ್ಣ, ಪ್ರವಾಸ ಬೇಡ, ಹಟವೂ ಬೇಡ. ಇವರನ್ನು ಉಳಿಸು.”

ಎದ್ದವಳೇ ಪಡಸಾಲೆಗೆ ಬಂದು, ಹೋಗುವುದಿಲ್ಲವೆಂದು ದೇವರಿಗೆ ಕೊಟ್ಟ ಮಾತಿನ ಗುರುತಿಗೆ ಪ್ರವಾಸದ ಚೀಲವನ್ನು ನೆಲಕ್ಕೆ ಸುರುವಿದೆ. ಮಕ್ಕಳ ಸ್ವೆಟರು, ನೀರಿನ ಬಾಟಲಿ, ಟಾವೆಲ್ಲು ಬಿದ್ದವು. ಕೊನೆಗೆ ಚೀಲದ ತಳದಿಂದ ನಾನು ಇಟ್ಟಿರದ ಒಂದು ಗಂಟು ಬಿತ್ತು: ಬಿಳಿ ಅರಿವೆಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಆ ಗಂಟಿನ ಮಡಿಕೆಯಲ್ಲಿ ಬೆಳ್ಳಿ ಕರಡಿಗೆ ಸಿಕ್ಕಿಕೊಂಡಿತ್ತು!

ನಾನು ಅಂಗಳದಲ್ಲಿದ್ದಾಗ ಅತ್ತೆಯವರು ಚೀಲದೊಳಗೆ ಬಗ್ಗಿ ಬುತ್ತಿ ತುರುಕಿದ್ದರು.

ಕರಡಿಗೆಯನ್ನು ಅವರ ಅಂಗೈಯಲ್ಲಿಟ್ಟೆ. ಕಣ್ಣಿಗೊತ್ತಿಕೊಂಡರು. “ಏನ ಮಾರಿ ನೋಡಾಕತ್ತಿ? ಪತ್ರಿ ಕೊಡ” ಎಂದರು. ಎರಡೇ ನಿಮಿಷದ ಪೂಜೆ. ನಂತರ ಸಕ್ಕರೆ ನೀರು, ಅದೇ ಬುತ್ತಿಯ ರೊಟ್ಟಿ. ಅರ್ಧ ತಾಸಿನಲ್ಲಿ ಕೈ ನಡುಕ ನಿಂತಿತು.

“ಬುತ್ತಿ ನೀವ ಇಟ್ರೇನ್ರಿ, ಅತ್ತಿ?”

“ನನ್ನ ಮಗಾ ಹಸಿಬಾರ್ದಂತ ಇಟ್ಟೆ. ನಿನಗಲ್ಲ.”

ಇದನ್ನು ಯೋಗಾಯೋಗ ಎನ್ನುವವರು ಎನ್ನಲಿ. ಇಡೀ ಮನೆ ಜಾಲಾಡಿದವಳಿಗೆ ಆ ಚೀಲವೊಂದು ಹೊಳೆದಿರಲಿಲ್ಲ. ಆಸೆಯನ್ನು ಕೈಬಿಟ್ಟ ಮೇಲೆಯೇ ನನ್ನ ಕೈ ಅಲ್ಲಿಗೆ ಹೋಯಿತು. ಸಂಜೆ ಬಸವಣ್ಣನ ಗುಡಿಗೆ ಹೋಗಿ, ಕಾಯಿ ಒಡೆಸಿ, ಕಣ್ತುಂಬ ಅತ್ತು ಬಂದೆ. ಅವನು ನಮ್ಮ ಮನೆಯಲ್ಲೇ ಇದ್ದಾನೆಂಬ ನಂಬಿಕೆ ಅಂದಿನಿಂದ ನನ್ನಲ್ಲಿ ಅಲುಗಿಲ್ಲ.

ತಿರುಗಿ ಬರುವಾಗ ಪಕ್ಕದ ಮನೆಯ ಗಂಗವ್ವ ಕಟ್ಟೆಯ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು.

“ಯಾಕವಾ, ಗುಮ್ಮಟಕ್ಕ ಹೋಗ್ಲಿಲ್ಲಂತ? ಹಂಗಾರ ನನ್ನ ಚಪ್ಪಲಿ ಕೊಟ್ಟುಬಿಡ, ನಾಳಿ ಸಂತಿಗೆ ಹೋಗ್ಬೇಕು. ಮೆಟ್ಟಲಾ ಏರಾಕ ಇವು ಮೆತ್ತಗ ಅದಾವಂತ ನಿನ್ನಿ ನಿಮ್ಮತ್ತಿ ಇಸ್ಕೊಂಡು ಹೋಗ್ಯಾಳ.”