ಎರಡು ಸುಳಿಯ ಹಸು

ಬಂಗಾರಪೇಟೆ ಹತ್ತಿರದ ನಮ್ಮ ಊರಿನಲ್ಲಿ ಮುಖ ನೋಡಿ ಹಸುವಿನ ಗುರುತು ಹೇಳುವುದರಲ್ಲಿ ನನ್ನ ಅತ್ತೆಯನ್ನು ಮೀರಿಸುವವರಿಲ್ಲ. ಮನುಷ್ಯರ ವಿಷಯದಲ್ಲಿ ಅಷ್ಟು ಗ್ಯಾರಂಟಿ ಇಲ್ಲ. ಮದುವೆಯಾದ ಹೊಸದರಲ್ಲಿ ಆರು ತಿಂಗಳು ನನ್ನನ್ನು ನನ್ನ ತಂಗಿಯೆಂದುಕೊಂಡು ಮಾತಾಡಿಸುತ್ತಿದ್ದರು. ನಾನು ಬಿಡಿಸಿದ ಚಿತ್ರ ನೋಡಿ ಅಂಥವರು ‘ಇದು ನಮ್ಮ ಹಸು’ ಅನ್ನಬೇಕೆಂದು ಹಟ ತೊಟ್ಟೆ.

ನನ್ನ ಕೆಲಸ ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ. ಒಂದು ಸಂಜೆ ಡ್ಯೂಟಿ ಮುಗಿಸಿ ರಾಬರ್ಟ್‌ಸನ್‌ಪೇಟೆಯಲ್ಲಿ ಇಪ್ಪತ್ತನಾಲ್ಕು ಬಣ್ಣದ ಪೆನ್ಸಿಲ್ ಡಬ್ಬಿ ಕೊಂಡೆ. ಫೋನಿನ ವಿಡಿಯೋದಲ್ಲಿ ಒಬ್ಬ ಮೇಷ್ಟ್ರು, ಮೊದಲು ಕಣ್ಣು ಬಿಡಿಸಿ, ಆಮೇಲೆ ಕೂದಲು ಹೋದ ದಿಕ್ಕಿಗೇ ಪೆನ್ಸಿಲ್ ಎಳೆಯಿರಿ ಎಂದರು. ಹೇಳುವವರಿಗೇನು, ಹೇಳಿಬಿಡುತ್ತಾರೆ.

ಮೊದಲ ಚಿತ್ರವನ್ನು ಅತ್ತೆ ಹಾಲು ಕರೆದು ಎದ್ದಾಗ ತೋರಿಸಿದೆ. ನಾಯಿ ಚೆನ್ನಾಗಿದೆ ಎಂದರು. ಎರಡನೆಯದನ್ನು ನೋಡಿ, ಬೇತಮಂಗಲದ ತಮ್ಮ ಅಣ್ಣನ ಹಾಗೇ ಇದೆ, ಆದರೆ ಅವನಿಗೇಕೆ ಕೊಂಬು ಇಟ್ಟೆ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು.

ಮೂರನೆಯದಕ್ಕೆ ಮೂರು ಭಾನುವಾರ ಹಿಡಿಯಿತು. ಮೂಗಿನ ತೇವ, ಕಣ್ಣಿನ ರೆಪ್ಪೆ, ಕಿವಿಯ ಹಳದಿ ಬಿಲ್ಲೆ ಎಲ್ಲ ಬಂದವು. ಹಣೆಯಲ್ಲಿ ಕೂದಲಿನ ದಿಕ್ಕು ತಪ್ಪಿದ ಕಡೆ ಮಾತ್ರ ಪೆನ್ಸಿಲನ್ನು ಗುಂಡಗೆ ಸುತ್ತಿ ತಪ್ಪು ಮುಚ್ಚಿದೆ. ಅತ್ತೆ ಹಾಳೆ ಹಿಡಿದವರು ಕೂಡಲೇ ಕೆಳಗಿಟ್ಟರು.

“ಅಣೇಲಿ ಎರಡು ಸುಳಿ ಐತೆ ಕಣಮ್ಮ. ಇಂಥ ಅಸೂನ ಬಿಟ್ಟಿ ಕೊಟ್ರೂ ಯಾರೂ ಮನೇಲಿ ಕಟ್ಟಲ್ಲ.”

ನಮ್ಮ ಕಡೆ ಹಸು ಕೊಳ್ಳುವಾಗ ಹಲ್ಲಿಗಿಂತ ಮೊದಲು ಸುಳಿ ನೋಡುತ್ತಾರೆ. ಹಣೆಯಲ್ಲಿ ಒಂದಿದ್ದರೆ ಸರಿ, ಎರಡಿದ್ದರೆ ಮನೆಗೆ ಆಗಿಬರುವುದಿಲ್ಲವಂತೆ. ರಬ್ಬರು ಹಾಕಿ ಉಜ್ಜಿದೆ. ಸುಳಿ ಹೋಗಲಿಲ್ಲ, ಕಾಗದ ಹರಿಯಿತು. ಅತ್ತೆ ಚಿತ್ರವನ್ನು ಹೊಸಲು ದಾಟಿಸಲು ಬಿಡಲಿಲ್ಲ, ಕೊಟ್ಟಿಗೆಗೂ ಸೇರಿಸಲಿಲ್ಲ. ಕಾಂಪೌಂಡಿನ ಮೇಲೆ ಇಟ್ಟಿದ್ದೆ, ಪಕ್ಕದ ಮನೆಯ ಮೇಕೆ ತಿಂದು ಮುಗಿಸಿತು. ನನ್ನ ಚಿತ್ರ ಇಷ್ಟಪಟ್ಟ ಮೊದಲ ಜೀವ ಅದೇ.

ನಾಲ್ಕನೆಯದಕ್ಕೆ ಕೈ ಹಾಕುವ ಮುಂಚೆ ನಮ್ಮ ಹಸುವಿನ ಹಣೆಯ ಮೇಲೆ ಬೆರಳಾಡಿಸಿ, ಯಾವ ಕೂದಲು ಎತ್ತ ತಿರುಗುತ್ತದೆ ಎಂದು ಕಲಿತೆ. ಅಷ್ಟು ಹೊತ್ತೂ ಅದು ನನ್ನ ವೇಲ್ ಅಗಿಯುತ್ತಿತ್ತು. ಅಗಿದುಕೊಳ್ಳಲಿ ಎಂದು ಬಿಟ್ಟೆ.

ಚಿತ್ರ ಕೈಗೆ ಕೊಟ್ಟಾಗ ಅತ್ತೆ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಎದ್ದು ಸರಸರನೆ ಕೊಟ್ಟಿಗೆಗೆ ಹೋದರು. ನಾನು ಹಿಂದೆ ಓಡಿದೆ. ಅವರು ನಮ್ಮ ಹಸುವಿನ ಕಿವಿ ಹಿಡಿದು, ಜ್ವರ ಇದೆಯೇ ಎಂದು ನೋಡುತ್ತಿದ್ದರು.

“ಪಟದಾಗೆ ಇದರ ಕಣ್ಣು ಯಾಕೆ ಇಂಗೆ ಸೊರಗೈತೆ? ಬೆಳಿಗ್ಗೆ ಬೂಸಾ ಇಟ್ಟಿದ್ಯಾ ಇಲ್ವಾ?”

ಹಸು ಆರಾಮಾಗಿ ಮೆಲುಕು ಹಾಕುತ್ತಿತ್ತು. ಚಿತ್ರದಲ್ಲಿ ಕಣ್ಣಿನ ಕೆಳಗೆ ಕಂದು ಬಣ್ಣ ಸ್ವಲ್ಪ ಹೆಚ್ಚಾಗಿತ್ತು, ಅಷ್ಟೇ. ಬೈಸಿಕೊಂಡು ಅಷ್ಟು ಖುಷಿಯಾದದ್ದು ಅದೇ ಮೊದಲು. ಮರೆತಿದ್ದೆ ಅತ್ತೆ ಎಂದು ಸುಳ್ಳು ಹೇಳಿ, ಇನ್ನೊಂದು ಬಕೆಟ್ ಬೂಸಾ ಕಲೆಸಿ ತಂದಿಟ್ಟೆ.