ಟ್ರಂಕಿನ ಹಿಂದಿನ ಕರ್ಚಿಕಾಯಿ ಚಕ್ರ

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ವಾರ ಮನಸ್ಸನ್ನು ಸ್ವಚ್ಛ ಮಾಡಿಕೊಳ್ಳಿ ಎಂದು ಸಭಾಪಾಲಕರು ಹೇಳಿದರೆ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಎಸ್ತೇರವ್ವ ತನ್ನ ಮನೆಯ ಮೇಲೆಯೇ ದಂಡೆತ್ತಿ ಹೋದಳು. ಜೇಡಗಳು ಓಡಿದವು, ಕೌದಿಗಳು ಶರಣಾದವು, ಗೋಡೆಗಳು ಸುಣ್ಣ ಬಳಿಸಿಕೊಂಡು ತೆಪ್ಪಗಾದವು. ಮನಸ್ಸು ಮಾತ್ರ ಕಾದ ಹಂಚಿನ ಮೇಲಿನ ನೀರ ಹನಿಯಂತೆ ಚಡಪಡಿಸುತ್ತಿತ್ತು. ನಾಳೆ ಚರ್ಚಿನಲ್ಲಿ, ವಾರಕ್ಕೊಂದರಂತೆ ಬೆಳಗಿಸುವ ಮೇಣದಬತ್ತಿಗಳಲ್ಲಿ ನಾಲ್ಕನೆಯದನ್ನು ಹಚ್ಚುವ ಸರದಿ ಅವಳದು. ಯಾರ ಮೇಲೂ ಮುನಿಸಿಟ್ಟುಕೊಂಡು ಹಚ್ಚುವಂತಿಲ್ಲ. ನೆರೆಮನೆಯ ಸುಮನಬಾಯಿಯೊಡನೆ ಮೂರು ವರ್ಷದಿಂದ ಮಾತೇ ಇಲ್ಲ. ಎರವಲು ತಂದ, ಕರ್ಚಿಕಾಯಿಯ ಅಂಚು ಕತ್ತರಿಸುವ ಹಿತ್ತಾಳೆ ಚಕ್ರವನ್ನು ಹಿಂದಿರುಗಿಸಿದ್ದೇನೆಂದು ಇವಳು, ಇಲ್ಲವೆಂದು ಅವಳು.

ಕೊನೆಯ ಶತ್ರುವಾದ ಟ್ರಂಕನ್ನು ಸರಿಸಿದಾಗ ಹಿಂದಿನಿಂದ ಅದೇ ಚಕ್ರ ಉರುಳಿ ಬಂತು! ಎಸ್ತೇರವ್ವ ಅದನ್ನು ಮತ್ತೆ ಒಳಗೆ ತಳ್ಳಿದಳು. ಹೊರಗೆ ತೆಗೆದಳು. ಮತ್ತೆ ತಳ್ಳಿದಳು. ಕೊನೆಗೆ ಸೆರಗಿನಲ್ಲಿ ಮುಚ್ಚಿಕೊಂಡು, ಸೋತ ಸೇನಾಪತಿಯಂತೆ ಸುಮನಬಾಯಿಯ ಹೊಸ್ತಿಲಲ್ಲಿ ನಿಂತಳು.

“ವೈನಿ, ನಿಮ್ದ ಖರೇ ಇತ್ರಿ. ತಪ್ಪ ನಂದ.”

ಸುಮನಬಾಯಿ ಕಿಲುಬು ಹಿಡಿದ ಚಕ್ರವನ್ನು ತಿರುಗಿಸಿ ನೋಡಿದಳು. “ಮೂರ ವರ್ಷ ಚಾಕುಲೇ ಕೊಯ್ದೇನಿ, ಕರ್ಚಿಕಾಯಿ ಎಲ್ಲಾ ಎಣ್ಣ್ಯಾಗ ಬಾಯಿ ಬಿಟ್ಟಾವು! ಒಳಗ ಬಾ ಬೇ, ಹಿಟ್ಟ ನಾದಿಟ್ಟೇನಿ. ಮೊದಲ ಇದನ್ನ ತಿಕ್ಕ.”

ಮಹಾಯುದ್ಧದ ಕೊನೆಯ ಕಾಳಗಕ್ಕೆ ಎಸ್ತೇರವ್ವ ಖುಷಿಯಿಂದ ಹುಣಸೆಹಣ್ಣು ಹಿಡಿದು ಕುಳಿತಳು.