ನೀರು ತಡೆದ ಧರ್ಮರಾಜ

ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ನನ್ನ ಗಂಡನ ಹೆಸರು ಹೇಳಿದರೆ ಜನ ಉಗುಳುತ್ತಾರೆ. ಹೆಸರಿಗೆ ಒಂದು ಬಿರುದನ್ನೂ ಅಂಟಿಸಿದ್ದಾರೆ: ನೀರು ತಡೆದ ಧರ್ಮರಾಜ. ಸಾಯುವವನ ಬಾಯಿಗೆ ನೀರು ಬಿಡಗೊಡದ ಪಾಪಿ ಎಂದು ಅರ್ಥ. ನಾನು ಅವನ ಹೆಂಡತಿ, ವಿಶಾಖಾ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ದಿನವಿಡೀ ಮಂದಿಯ ಅರ್ಜಿ ಬರೆದುಕೊಟ್ಟು ಬರವಣಿಗೆ ರೂಢಿಯಾಗಿದೆ. ಮನೆಯಲ್ಲಿ ಅವನಿಗೆ ‘ರೀ’ ಎನ್ನುತ್ತೇನೆ, ಇಲ್ಲಿ ಮಾತ್ರ ‘ಅವನು’ ಎಂದು ಬರೆಯುತ್ತೇನೆ. ಸಿಟ್ಟು ಬಂದಾಗ ನನಗೆ ಬಹುವಚನ ಹೊಂದುವುದಿಲ್ಲ.

ಧರ್ಮರಾಜ ಹುಟ್ಟಿದ್ದು ತಿಕೋಟಾದಲ್ಲಿ. ಅಪ್ಪ ಬೇಗ ತೀರಿಕೊಂಡ. ತಾಯಿ ಸೋನಾಬಾಯಿ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿ ಮಗನನ್ನು ಸಾಕಿದಳು. ನಾವು ಬೌದ್ಧರು. ಅಜ್ಜನ ಕಾಲಕ್ಕೇ ದೀಕ್ಷೆಯಾಗಿದೆ, ಆದರೆ ಊರಿನವರ ಬಾಯಲ್ಲಿ ಇವತ್ತಿಗೂ ಕೇರಿಯವರು. ತೋಟದಲ್ಲಿ ಬಾಯಾರಿದಾಗ ಮಾಲಕರ ಮನೆಯವರು ಚರಗಿಯನ್ನು ಎತ್ತಿ ಹಿಡಿದು ಮೇಲಿಂದ ನೀರು ಸುರಿಯುತ್ತಿದ್ದರು, ಸೋನಾಬಾಯಿ ಬೊಗಸೆಯೊಡ್ಡಿ ಕುಡಿಯುತ್ತಿದ್ದಳು. ಆ ಚರಗಿಯನ್ನು ಮುಟ್ಟಬಾರದು ಎನ್ನುವುದನ್ನು ನನ್ನ ಗಂಡ ಅಕ್ಷರಕ್ಕಿಂತ ಮೊದಲು ಕಲಿತ. ಈಗ ಕಾಲ ಬದಲಾಗಿದೆ ಎನ್ನುವವರಿದ್ದಾರೆ. ನಿಮ್ಮ ಮನೆಯ ನೀರಿನ ಕೊಡವನ್ನು ಯಾರು ಯಾರು ಮುಟ್ಟುತ್ತಾರೆ ಎಂದು ಕೇಳಿದರೆ ಮಾತು ಬದಲಿಸುತ್ತಾರೆ.

ಹತ್ತನೆಯ ಇಯತ್ತೆ ಮುಗಿಸಿ ಅವನು ವಿಜಯಪುರಕ್ಕೆ ಬಂದು ವೆಲ್ಡಿಂಗ್ ಕಲಿತ. ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಒಂದು ಸಲ ವರ್ಕ್‌ಶಾಪಿನ ಎದುರಿಗೇ ಲಾರಿಯೊಂದು ಬೈಕಿಗೆ ಬಡಿಯಿತು. ಬಿದ್ದವನ ಕಾಲಿನಿಂದ ರಕ್ತ ಹರಿಯುತ್ತಿತ್ತು, ಸುತ್ತ ನಿಂತವರು ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿದ್ದರು. ಧರ್ಮರಾಜನಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಆ ಮನುಷ್ಯ ಅಲ್ಲೇ ಸತ್ತ. ಮುಂದಿನ ವಾರವೇ ಇವನು ಹೋಗಿ ‘ಕೈಯಾಸರೆ ಬಳಗ’ ಸೇರಿದ.

ಕೈಯಾಸರೆ ಎಂದರೆ ಪ್ರಥಮ ಚಿಕಿತ್ಸೆ ಮಾಡುವ ಸ್ವಯಂಸೇವಕರ ಗುಂಪು. ಸಂತೆ, ಜಾತ್ರೆ, ಸಭೆ ಎಲ್ಲಿ ಜನ ಸೇರುತ್ತಾರೋ ಅಲ್ಲಿ ಒಂದು ಟೇಬಲ್ಲು, ಒಂದು ಬ್ಯಾನರು, ಹತ್ತಿ, ಬ್ಯಾಂಡೇಜು. ಹಸಿರು ಜಾಕೀಟು ತೊಟ್ಟು ನಿಲ್ಲುವುದು. ಗಾಂಧಿ ಚೌಕದ ಸಗಟು ಬಟ್ಟೆ ವ್ಯಾಪಾರಿ ದಶರಥ ಅವರು ಅದಕ್ಕೆ ಅಧ್ಯಕ್ಷರು, ಸಮ್ರೀನ ಎಂಬ ನರ್ಸಬಾಯಿ ಕಲಿಸುವವರು. ಸಂಬಳ ಇಲ್ಲ. ಸಂಬಳವಿಲ್ಲದ ಕೆಲಸಕ್ಕೆ ನನ್ನ ಗಂಡನಷ್ಟು ಬೇಗ ಎದ್ದು ಹೋಗುವವರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ನಾನು ಬೈದಾಗಲೆಲ್ಲ ಒಂದೇ ಉತ್ತರ: ರಕ್ತ ಸೋರುವಾಗ ಯಾರೂ ಜಾತಿ ಕೇಳುವುದಿಲ್ಲ. ರಕ್ತ ನಿಂತ ಮೇಲೆ ಕೇಳುತ್ತಾರೆ ಎಂದು ನಾನು ಹೇಳುತ್ತಿದ್ದೆ. ಕೇಳುತ್ತಲೂ ಇದ್ದರು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಎದ್ದು, ಸೀರೆ ಕೊಡವಿಕೊಂಡು, “ನೀವು ಯಾರ ಪೈಕಿ?” ಎಂದು ವಿಚಾರಿಸಿ, ಉತ್ತರ ಕೇಳಿ ಸುಮ್ಮನೆ ಹೋದವರನ್ನು ನಾನೇ ನೋಡಿದ್ದೇನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅವನಿಗೆ ಅದು ಬೇಜಾರೇ ಅಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ದಿನ ಬಬಲೇಶ್ವರದ ಸಂತೆ. ಬಸ್ ನಿಲ್ದಾಣದ ಹತ್ತಿರ ಟೇಬಲ್ಲು ಹಾಕಿಕೊಂಡು ಧರ್ಮರಾಜ ಕೂತಿದ್ದ. ಹಿಂದಕ್ಕೆ ಸರಿಯುತ್ತಿದ್ದ ಟ್ರೇಲರಿಗೂ ಗೋಡೆಗೂ ನಡುವೆ ಮಲಕಾಜಪ್ಪ ಎಂಬ ರೈತ ಸಿಕ್ಕಿಕೊಂಡ. ಹೊರಗೆ ದೊಡ್ಡ ಗಾಯವಿರಲಿಲ್ಲ, ಹೊಟ್ಟೆ ಜಜ್ಜಿಹೋಗಿತ್ತು. ಧರ್ಮರಾಜ ಓಡಿದ, ಅವನನ್ನು ನೆಲದ ಮೇಲೆ ಮಲಗಿಸಿದ, ಮೊಣಕಾಲು ಮಡಚಿಸಿದ, ಆಂಬುಲೆನ್ಸಿಗೆ ಫೋನು ಮಾಡಿಸಿದ. ಮಲಕಾಜಪ್ಪನಿಗೆ ಎಚ್ಚರವಿತ್ತು. ಅವನು ಒಂದೇ ಸಮ ನೀರು ಕೇಳುತ್ತಿದ್ದ.

ಹೊಟ್ಟೆಯೊಳಗೆ ಪೆಟ್ಟಾದವನಿಗೆ ನೀರು ಕುಡಿಸಬಾರದು. ವಾಂತಿಯಾಗಿ ಉಸಿರು ಕಟ್ಟಬಹುದು, ಆಪರೇಷನ್‌ಗೂ ತೊಂದರೆ. ಇದು ಬಳಗದಲ್ಲಿ ಮೊದಲ ದಿನ ಕಲಿಸುವ ಪಾಠ. ಆದರೆ ನಮ್ಮ ಕಡೆಯ ಜನ ಬಿದ್ದವನನ್ನು ಕಂಡರೆ ಮೊದಲು ಮಾಡುವುದೇ ನೀರು ಹಾಕುವುದು. ಬದುಕಿದರೆ ಉಪಕಾರ, ಸತ್ತರೆ ಪುಣ್ಯ. ಕಡೆಯ ಗುಟುಕು ಇಲ್ಲದೆ ಹೋದ ಜೀವ ಬಾಯಾರಿಕೊಂಡೇ ಅಲೆಯುತ್ತದೆ ಎನ್ನುತ್ತಾರೆ. ‘ನಿನ್ನ ಬಾಯಿಗೆ ನೀರು ಬಿಡುವವರಿಲ್ಲದಂತಾಗಲಿ’ ಎನ್ನುವುದಕ್ಕಿಂತ ಕೆಟ್ಟ ಶಾಪ ಇಲ್ಲಿ ಇಲ್ಲ. ನಾಲ್ಕೂ ಕಡೆಯಿಂದ ಬಾಟಲಿಗಳು ಬಂದವು. ಧರ್ಮರಾಜ ಎರಡೂ ಕೈ ಅಡ್ಡ ಹಿಡಿದು, “ನೀರ ಹಾಕಬ್ಯಾಡ್ರಿ, ಜೀವಕ್ಕ ಅಪಾಯ ಐತಿ,” ಎಂದು ಕೂಗುತ್ತಿದ್ದ. ಅಷ್ಟರಲ್ಲಿ ಮಲಕಾಜಪ್ಪನ ತಮ್ಮ ಯಲ್ಲಾಲಿಂಗ ಹೋಟೆಲಿನಿಂದ ಚರಗಿ ತುಂಬ ನೀರು ತಂದು ಅಣ್ಣನ ಬಾಯಿಗೆ ಬಗ್ಗಿದ. ಧರ್ಮರಾಜ ಕೈಯಿಂದ ತಳ್ಳಿದ. ಚರಗಿ ರಸ್ತೆಗೆ ಬಿದ್ದು ನೀರೆಲ್ಲ ಚೆಲ್ಲಿತು. ಅದನ್ನು ಇಡೀ ಸಂತೆ ನೋಡಿತು.

ಆಂಬುಲೆನ್ಸ್ ಬಂತು, ಅದರಲ್ಲಿ ಡ್ರೈವರ್ ಬಿಟ್ಟು ಬೇರೆ ಯಾರೂ ಇರಲಿಲ್ಲ. ಹಿಂದೆ ಧರ್ಮರಾಜ ಹತ್ತಿದ, ಯಲ್ಲಾಲಿಂಗ ಡ್ರೈವರನ ಪಕ್ಕ ಕೂತ. ವಿಜಯಪುರ ಮುಟ್ಟುವ ಮೊದಲೇ ಮಲಕಾಜಪ್ಪ ತೀರಿಕೊಂಡ.

ಆಮೇಲೆ ಶುರುವಾಯಿತು ನೋಡಿ. ಯಲ್ಲಾಲಿಂಗ ಮಂದಿ ಕಟ್ಟಿಕೊಂಡು ವರ್ಕ್‌ಶಾಪಿಗೇ ಬಂದ. ನಾನು ಎದುರಿನ ನನ್ನ ಅಂಗಡಿಯಿಂದ ಓಡಿ ಹೋದೆ.

“ನಿಮ್ಮ ಮಂದಿಗೆ ನಾವು ನೀರ ಕೊಡಲಿಲ್ಲಂತ ನಮ್ಮ ಅಣ್ಣನ ಮ್ಯಾಲ ಸೇಡು ತೀರಿಸಿಕೊಂಡೇನಲೇ?” ಎಂದು ಅವನು ನನ್ನ ಗಂಡನ ಅಂಗಿ ಹಿಡಿದ.

“ಸೇಡಲ್ರೀ. ನೀರ ಕುಡಸಬಾರದಿತ್ತು,” ಎಂದ ಧರ್ಮರಾಜ.

“ಕುಡಸದಿದ್ರ ಉಳದನೇನು?”

ನಾನು ಬಾಯಿ ಹಾಕಿದೆ: “ಅಂಗಿ ಬಿಡ್ರಿ ಮೊದಲ. ನಿಮ್ಮ ಮನ್ಯಾಗ ನೀರ ಕೊಡಲಿಲ್ಲಂತ ನಿಮ್ಮ ಬಾಯಲೇ ಒಪ್ಪಿಕೊಂಡ್ರಲ್ಲ, ಅಷ್ಟ ಸಾಕು.” ಅವತ್ತು ನನಗೂ ಒಂದು ಏಟು ಬೀಳಬೇಕಿತ್ತು. ವರ್ಕ್‌ಶಾಪಿನವರು ನಡುವೆ ಬಂದರು.

ಬಳಗವಾದರೂ ಅವನ ಪರ ನಿಲ್ಲಬೇಕಿತ್ತು. ಸಮ್ರೀನ ಒಬ್ಬರೇ ಸಭೆಯಲ್ಲಿ, ಅವನು ಮಾಡಿದ್ದು ಸರಿ ಎಂದರು. ದಶರಥ ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದರು. ಅವರ ಅಂಗಡಿಗೆ ಬಟ್ಟೆಗೆ ಬರುವ ಗಿರಾಕಿಗಳಲ್ಲಿ ಅರ್ಧ ಜನ ಆ ಕಡೆಯವರು ಎನ್ನುವುದು ನನಗೆ ಗೊತ್ತಿತ್ತು. “ನಿಯಮ ನಿಯಮನ, ಇಲ್ಲನ್ನಂಗಿಲ್ಲ. ಆದ್ರ ಮಂದಿ ಮನಸ್ಸೂ ನೋಡಬೇಕಪಾ,” ಎಂದರು. ಕಡೆಗೆ ತೀರ್ಮಾನವಾದದ್ದು ಇಷ್ಟು: ಬಬಲೇಶ್ವರದಲ್ಲಿ ಹಿರಿಯರ ಮುಂದೆ ಧರ್ಮರಾಜ ನಿಲ್ಲಬೇಕು. ತನ್ನ ಪರವಾಗಿ ಹೇಳುವುದಿದ್ದರೆ ಅಲ್ಲಿ ಹೇಳಬೇಕು. ಹಿರಿಯರು ಒಪ್ಪಿದರೆ ಸರಿ, ಇಲ್ಲದಿದ್ದರೆ ತಪ್ಪಾಯಿತು ಎಂದು ಜಾಕೀಟು ಬಿಚ್ಚಿ ಕೊಡಬೇಕು. ನನ್ನ ಗಂಡನಿಗೆ ಆ ಜಾಕೀಟಿಗಿಂತ ದೊಡ್ಡ ಆಸ್ತಿ ಇರಲಿಲ್ಲ. ಅದನ್ನು ತೊಟ್ಟಾಗ ಮಾತ್ರ ಜನ ಅವನಿಗೆ ದಾರಿ ಬಿಡುತ್ತಿದ್ದರು.

ಹಿರಿಯರ ಆ ಬೈಠಕ್ಕಿಗೆ ಎರಡು ದಿನ ಇರುವಾಗ, ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು, ಮುಖದ ತುಂಬ ಸೆರಗು. ಮಲಕಾಜಪ್ಪನ ಹೆಂಡತಿ ಗುರುಬಾಯಿ. ಮನೆಯವರಿಗೆ ದವಾಖಾನೆಯ ನೆಪ ಹೇಳಿ ಬಸ್ ಹತ್ತಿ ಬಂದಿದ್ದಳು. ಒಳಗೆ ಬರ್ರಿ ಎಂದೆ, ಹೊಸ್ತಿಲ ಹೊರಗೇ ಕೂತಳು. ನನ್ನನ್ನು ಗೋಡೆಯ ಹಾಗೆ ದಾಟಿ ನೋಡಿ ನನ್ನ ಗಂಡನ ಜೊತೆ ಮಾತಿಗಿಳಿದಳು. ಅವಳು ಅವನಿಗೆ ‘ನೀ’ ಎಂದಳು, ಅವನು ಅವಳಿಗೆ ‘ಯವ್ವಾ’ ಎಂದ.

“ಗಾಡ್ಯಾಗ ನೀ ಇದ್ದಿ. ಅಂವ ಕಡೀಕೂ ನೀರ ಕೇಳಿದನೇನು?”

“ಕೇಳಿದ್ರಿ ಯವ್ವಾ.”

“ನೀ ಕೊಡಲಿಲ್ಲ.”

ಧರ್ಮರಾಜ ಕೈ ತೊಳೆದುಕೊಂಡು ಬಂದು ಅವಳಿಂದ ದೂರ, ನೆಲಕ್ಕೆ ಕೂತ. ಆಮೇಲೆ ಅವನು ಹೇಳಿದ್ದನ್ನು ನಾನೂ ಅವತ್ತೇ ಮೊದಲ ಸಲ ಕೇಳಿದ್ದು.

“ಕುಡಸಬಾರದು, ಆದ್ರ ತುಟಿ ಹಸಿ ಮಾಡಬಹುದ್ರಿ. ಗಾಡ್ಯಾಗ ಹತ್ತಿ ನೀರಾಗ ಅದ್ದಿ ಬಾಯಿಗೆ ಹಿಡದೆ. ಚೀಪಿದ. ನನ್ನ ಮಣಿಕಟ್ಟ ಹಿಡಕೊಂಡು, ಇನ್ನೊಂದ ಸಲ ಅಂದ. ಮತ್ತ ಹಿಡದೆ. ಆಮ್ಯಾಲ ಕಣ್ಣ ಮುಚ್ಚಿದ.”

ಗುರುಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಕೇಳಿದಳು: “ಹಂಗಾದ್ರ ಸಂತ್ಯಾಗ ಯಾಕ ಹಿಡೀಲಿಲ್ಲ? ನೀರ ಚೆಲ್ಲಿದೆಲ್ಲ, ಮಂದಿ ಮುಂದ?”

“ಎಲ್ಲಾರೂ ನೋಡಾಕತ್ತಿದ್ರು. ಪಟ್ಟಿ ಕಟ್ಟೋದು ಬ್ಯಾರೆ. ನನ್ನ ಕೈಲೇ ನಿಮ್ಮವರ ಬಾಯಿಗೆ ನೀರ ಹಚ್ಚಾಕ ಅಷ್ಟು ಮಂದ್ಯಾಗ ಕೈ ಏಳಲಿಲ್ರಿ.”

ಇದು ಅವನು ಮಾಡಿದ ಒಂದೇ ತಪ್ಪು. ಹತ್ತಿಯನ್ನು ಯಲ್ಲಾಲಿಂಗನ ಕೈಗೆ ಕೊಟ್ಟು, ನೀನೇ ಹಿಡಿ ಎಂದಿದ್ದರೂ ಆಗುತ್ತಿತ್ತು. ಅದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ತಿಕೋಟಾದ ತೋಟದಲ್ಲಿ ಚರಗಿ ಮುಟ್ಟಬೇಡ ಎಂದು ಕಲಿಸಿದವರಿಗೆ ಈ ತಪ್ಪಿನಲ್ಲಿ ಪಾಲಿಲ್ಲವೇ?

“ಬಾಯಿಗೆ ನೀರ ಬಿದ್ದಾವಲ್ಲ, ನನಗ ಅಷ್ಟ ಸಾಕು,” ಎಂದಳು ಗುರುಬಾಯಿ. ನನಗೆ ಜೀವ ಬಂದ ಹಾಗಾಯಿತು. ಇನ್ನು ಬೈಠಕ್ಕಿನಲ್ಲಿ ಇವಳೇ ಹೇಳುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ಮಳ್ಳಿ ನಾನು. ಅವಳು ಎದ್ದು ನಿಂತು ಸೆರಗು ಸರಿ ಮಾಡಿಕೊಂಡು ಹೇಳಿದಳು:

“ಇದನ್ನ ಅಲ್ಲಿ ಬಾಯಿಬಿಡಬ್ಯಾಡ. ನಿನ್ನ ಕೈ ನೀರ ಕುಡದ ಸತ್ತಾನಂದ್ರ ನಮ್ಮ ಮಂದಿ ಮೈಲಿಗಿ ಆತಂತ ಮತ್ತೊಮ್ಮೆ ಕರ್ಮ ಮಾಡಸ್ತಾರ. ನನ್ನ ಮಗಳು ಗೀತಾಂಜಲಿ ಲಗ್ನಾ ಗೊತ್ತಾಗೇತಿ. ಬೀಗರ ಕಿವಿಗೆ ಬಿದ್ರ ಲಗ್ನಾ ಮುರೀತಾರ. ಮಾತ ಕೊಡು.”

“ಯಾರಿಗೂ ಹೇಳಂಗಿಲ್ರಿ ಯವ್ವಾ,” ಎಂದ ನನ್ನ ಗಂಡ. ಯೋಚನೆ ಕೂಡ ಮಾಡಲಿಲ್ಲ. ಅವಳು ಹೋದಳು.

ಎರಡು ದಿನ ನಾನು ಅವನ ಜೊತೆ ಜಗಳವಾಡಿದೆ. “ನಿಮ್ಮ ಹೆಸರು ಉಳಸಿಕೊಳ್ಳಾಕ ಒಂದ ಮಾತು ಸಾಕ್ರಿ, ಅದೂ ಖರೇ ಮಾತು. ಯಾಕ ನುಂಗತೀರಿ?” ಎಂದೆ. “ಮಾತ ಕೊಟ್ಟೇನಿ,” ಎಂದ. ಅವಳಿಗೆ ಮಗಳ ಚಿಂತೆ, ಅದು ನನಗೂ ಅರ್ಥವಾಗುತ್ತದೆ. ಕನಿಕರ ಬರಬೇಕಿತ್ತು, ಬರಲಿಲ್ಲ. ತನಗೆ ಬೇಕಾದ ಸಮಾಧಾನವನ್ನು ನಮ್ಮ ಮನೆಯಿಂದ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಬೈಗುಳವನ್ನು ನಮಗೇ ಬಿಟ್ಟುಹೋದವಳ ಮೇಲೆ ನನಗೆ ಕನಿಕರ ಎಲ್ಲಿಂದ ಬರಬೇಕು?

ಬೈಠಕ್ಕು ಮಲಕಾಜಪ್ಪನ ಮನೆಯ ಮುಂದಿನ ಕಟ್ಟೆಯ ಮೇಲೆ ನಡೆಯಿತು. ಹಿರಿಯರು ಮೇಲೆ ಕೂತಿದ್ದರು, ದಶರಥ ಅವರಿಗೂ ಮೇಲೆಯೇ ಚಾಪೆ. ನಾವು ಕೆಳಗೆ ನಿಂತೆವು. ಹೆಂಗಸರು ಬಾಗಿಲ ಸಂದಿಯಲ್ಲಿದ್ದರು, ಗುರುಬಾಯಿಯೂ ಇದ್ದಳು. ಯಲ್ಲಾಲಿಂಗ ಎಲ್ಲವನ್ನೂ ಹೇಳಿದ: ಚರಗಿ, ಚೆಲ್ಲಿದ ನೀರು, ಸೇಡು. ಒಬ್ಬ ಹಿರಿಯರು ಕೇಳಿದರು: “ಗಾಡ್ಯಾಗ ನೀ ಒಬ್ಬನ ಇದ್ದಿ. ಅಲ್ಲೆರೆ ಒಂದ ಹನಿ ನೀರ ಬಿಟ್ಟೇನು? ಖರೇ ಹೇಳು.”

ಆ ಪ್ರಶ್ನೆ ಬಂದೇ ಬರುತ್ತದೆ ಎಂದು ನಾನು ಕಾದಿದ್ದೆ. ಈಗಲಾದರೂ ಬಾಗಿಲ ಸಂದಿಯಿಂದ ಒಂದು ಮಾತು ಬರಲಿ ಎಂದು ಅತ್ತ ನೋಡಿದೆ. ಗುರುಬಾಯಿ ನನ್ನ ಗಂಡನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಇದ್ದದ್ದು ಹೆದರಿಕೆ.

“ಇಲ್ರಿ. ಬಿಡಲಿಲ್ಲ. ತಪ್ಪಾತು,” ಎಂದ ಧರ್ಮರಾಜ.

ಯಾರೋ ಉಗುಳಿದರು. ದಶರಥ ಅವರು ಕೈ ಚಾಚಿದರು. ಅವನು ಜಾಕೀಟು ಬಿಚ್ಚಿ, ಮಡಚಿ, ಕಟ್ಟೆಯ ಅಂಚಿನಲ್ಲಿಟ್ಟ. ನಾವು ಬಸ್ಸಿಗೆ ನಡೆದೆವು. ಸೀಟಿನಲ್ಲಿ ಕೂತ ಮೇಲೆ ಅವನು ಅತ್ತ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ.

ಗೀತಾಂಜಲಿಯ ಲಗ್ನ ಆಯಿತು. ಚೆನ್ನಾಗಿ ಆಯಿತಂತೆ, ಆಗಲಿ. ಕೈಯಾಸರೆಯ ಟೇಬಲ್ಲು ಬಬಲೇಶ್ವರದ ಸಂತೆಯಲ್ಲಿ ಮತ್ತೆ ನಿಲ್ಲುತ್ತದೆ, ಬೇರೆ ಯಾರೋ ಜಾಕೀಟು ತೊಟ್ಟಿದ್ದಾರೆ. ನನ್ನ ಗಂಡ ಯಾರಿಗೂ ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ತನ್ನ ತಾಯಿಗೂ ಹೇಳಿಲ್ಲ. ಸೋನಾಬಾಯಿ ತಿಕೋಟಾದಿಂದ ಫೋನು ಮಾಡಿ, ನೀರು ಯಾಕೆ ತಡೆದೆ ಮಗನೇ, ನಾನು ನಿನಗೆ ಹಾಗೆ ಕಲಿಸಿದ್ದೆನೇ ಎಂದು ಅಳುತ್ತಾಳೆ. ಅವನು ಹೂಂ ಹೂಂ ಎಂದು ಕೇಳಿ ಫೋನು ಇಡುತ್ತಾನೆ.

ಮಾತು ಕೊಟ್ಟವನು ಅವನು. ಗುರುಬಾಯಿ ನಮ್ಮ ಬಾಗಿಲಿಗೆ ಬಂದ ದಿನ ನಾನೂ ಅಲ್ಲೇ ಇದ್ದೆ. ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ, ನನ್ನ ಬಾಯಿಂದ ಮಾತು ತೆಗೆದುಕೊಳ್ಳಲಿಲ್ಲ. ಆದ್ದರಿಂದ ನಾನು ಹೇಳುತ್ತೇನೆ. ಬಬಲೇಶ್ವರದ ಮಲಕಾಜಪ್ಪ ಬಾಯಾರಿ ಸಾಯಲಿಲ್ಲ. ನನ್ನ ಗಂಡನ ಕೈಯಿಂದ ನೀರು ಕುಡಿದು ಸತ್ತ. ಇನ್ನೊಂದು ಸಲ ಎಂದು ಕೇಳಿ ಕುಡಿದ.